ಕಂಬ ಏನು ಹೊತ್ತಿದೆ?

ಉತ್ತರಪತ್ರಿಕೆಯ ಹಾಳೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ನೇರ ಗೆರೆ. ಗೆರೆಯ ಎಡಕ್ಕೆ ಒಂದು ತಲೆಬರಹ, ಬಲಕ್ಕೆ ಇನ್ನೊಂದು. ಎರಡೂ ಕಡೆ ಎಂಟೆಂಟು ಅಂಶಗಳು, ಮುತ್ತು ಪೋಣಿಸಿದಂಥ ಅಕ್ಷರ. ‘ಬರೋಕ್ ಮತ್ತು ರೊಕೋಕೊ ಶೈಲಿಗಳ ವ್ಯತ್ಯಾಸಗಳನ್ನು ತಿಳಿಸಿ’ ಎಂಬ ಹತ್ತು ಅಂಕಗಳ ಪ್ರಶ್ನೆಗೆ ತೋವಿನಕೆರೆಯ ಆ ಹುಡುಗಿ ಬರೆದ ಉತ್ತರ ಅದು. ಬೆಂಗಳೂರಿನ ಕಲಾ ಕಾಲೇಜೊಂದರಲ್ಲಿ ಎರಡನೇ ವರ್ಷದ ವಿದ್ಯಾರ್ಥಿನಿ. ಹತ್ತಕ್ಕೆ ಎಂಟಾದರೂ ಬಂದೇ ಬರುತ್ತದೆಂದು ಲೆಕ್ಕ ಹಾಕಿಕೊಂಡು ಪರೀಕ್ಷಾ ಕೊಠಡಿಯಿಂದ ಹೊರಬಂದಿದ್ದಳು.

ಬಂದದ್ದು ಸೊನ್ನೆ. ಹದಿನಾರು ಅಂಶಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಆದರೆ ಬರೋಕ್ ಎಂದು ಬರೆದಲ್ಲಿ ರೊಕೋಕೊದ ಲಕ್ಷಣಗಳಿದ್ದವು, ರೊಕೋಕೊ ಎಂದು ಬರೆದಲ್ಲಿ ಬರೋಕ್‌ನ ಲಕ್ಷಣಗಳು. ರಾತ್ರಿಯೆಲ್ಲ ಉರು ಹೊಡೆದ ಪಟ್ಟಿ ಬೆಳಗ್ಗೆ ತಲೆಯಿಂದ ಹಾಳೆಗೆ ಇಳಿಯುವಾಗ ಟೋಪಿಗಳನ್ನು ಅದಲುಬದಲು ಮಾಡಿಕೊಂಡಿತ್ತು. ನಾಲ್ಕೇ ಅಂಕಗಳ ಕೊರತೆಯಿಂದ ಇಡೀ ಪತ್ರಿಕೆ ಕೈಬಿಟ್ಟಿತು.

ಊರಿಗೆ ಬಂದವಳು ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಹೇಳಿದಾಗ ತಾಯಿ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. “ಚಿತ್ರ ಬರೆಯೋಕೆ ಕಾಲೇಜು ಯಾಕೆ ಅಂತ ಅವತ್ತೇ ಬಡಕೊಂಡೆ. ನರ್ಸಿಂಗ್ ಸೇರಿದ್ರೆ ಇಷ್ಟೊತ್ತಿಗೆ ಒಂದು ದಾರಿ ಆಗ್ತಿತ್ತು. ಸಂಘದ ಸಾಲ ತೀರೋದು ಯಾವಾಗ? ಇನ್ನೊಂದು ಸಲ ಬರಿ, ಆಗಲಿಲ್ಲ ಅಂದ್ರೆ ಬ್ಯಾಗು ತಗೊಂಡು ಮನೆಗೆ ಬಾ” ಎಂದರು. ಕೋಪದ ಮಾತಲ್ಲ ಅದು, ಲೆಕ್ಕದ ಮಾತು. ಹಾಗಾಗಿಯೇ ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಮರುಪರೀಕ್ಷೆಗೆ ಎರಡು ತಿಂಗಳಿತ್ತು.

ತಂದೆ ಕಲ್ಲು ಕೆಲಸದವರು. ಒರಳು, ತುಳಸಿಕಟ್ಟೆ, ಬಾಗಿಲಿಗೆ ಹೊಸ್ತಿಲು ಕಲ್ಲು, ತೋಟದ ಬೇಲಿಗೆ ಕಂಬ, ಯಾರಾದರೂ ಕೇಳಿದರೆ ಒಂದು ನಾಗರಕಲ್ಲು. ಏಳನೇ ತರಗತಿಗೆ ಶಾಲೆ ಬಿಟ್ಟವರು. ಸಂಜೆ ಮನೆಯ ಹಿಂದಿನ ಚಪ್ಪರದಡಿ ಉಳಿಗಳನ್ನು ಒರೆಸಿಡುತ್ತ ಮಗಳನ್ನು ಕರೆದು ಕೂರಿಸಿಕೊಂಡರು.

“ಅದೇನು ಎರಡು ಹೆಸರು ಕಣಮ್ಮ, ಇನ್ನೊಂದು ಸಲ ಹೇಳು.”

ಹೇಳಿದಳು.

“ಹೆಂಗಿರ್ತವೆ?”

“ಎರಡರಲ್ಲೂ ಅಲಂಕಾರ ಜಾಸ್ತಿ ಅಪ್ಪ. ಮೊದಲನೇದರಲ್ಲಿ ಗಾಂಭೀರ್ಯ, ನಾಟಕೀಯತೆ. ಎರಡನೇದರಲ್ಲಿ ಲಾಲಿತ್ಯ, ಲವಲವಿಕೆ.”

“ಗಾಂಭೀರ್ಯ ಅನ್ನೋದು ಕಣ್ಣಿಗೆ ಹೆಂಗೆ ಕಾಣ್ತದೆ?”

ಹುಡುಗಿ ಸುಮ್ಮನಾದಳು.

“ಹೋಗ್ಲಿ, ಯಾವುದರಲ್ಲಿ ಮಾಡಿದ್ದು? ಕಲ್ಲೋ, ಮರವೋ, ಗಾರೆಯೋ?”

ಅದೂ ಅವಳ ಟಿಪ್ಪಣಿಯಲ್ಲಿ ಇರಲಿಲ್ಲ. ಎಂಟು ಅಂಶಗಳಲ್ಲಿ ಒಂದೂ ಆ ವಿಷಯ ಹೇಳುತ್ತಿರಲಿಲ್ಲ.

ಹುಡುಗಿ ಗೊಂದಲ ಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಬರೋಕ್ ಎನ್ನುವುದು ಸುಮಾರು 1600ರ ವೇಳೆಗೆ ರೋಮ್ ನಗರದಲ್ಲಿ ರೂಪುಗೊಂಡು ಯೂರೋಪಿನ ತುಂಬ ಹರಡಿದ ಶೈಲಿ. ರೊಕೋಕೊ ಅದರ ಮುಂದಿನ ತಲೆಮಾರು. 1720ರ ದಶಕದ ಹೊತ್ತಿಗೆ ಪ್ಯಾರಿಸ್‌ನಲ್ಲಿ ಎದ್ದು ಕಂಡಿತು. ಮಗು ತಾಯಿಯನ್ನು ಹೋಲುವಂತೆ ಎರಡನೆಯದು ಮೊದಲನೆಯದನ್ನು ಹೋಲುತ್ತದೆ. ಎರಡರಲ್ಲೂ ಬಾಗುವ ಗೆರೆಗಳಿವೆ, ಚಿನ್ನದ ಲೇಪವಿದೆ, ರೆಕ್ಕೆಯ ಮಕ್ಕಳಿದ್ದಾರೆ, ಖಾಲಿ ಜಾಗ ಬಿಡಬಾರದೆಂಬ ಹಟವಿದೆ. ಹೆಸರುಗಳೂ ಒಂದೇ ಬಗೆಯವು. ಬರೋಕ್ ಎಂಬುದು ಸೊಟ್ಟ ಮುತ್ತು ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂತೆನ್ನುತ್ತಾರೆ. ರೊಕೋಕೊ ಬಂದದ್ದು ಕಪ್ಪೆಚಿಪ್ಪು, ಕಲ್ಲುಹರಳುಗಳ ಅಲಂಕಾರಕ್ಕೆ ಫ್ರೆಂಚರು ಹೇಳುವ ‘ರೊಕಾಯ್’ ಎಂಬ ಮಾತಿನಿಂದ. ಎರಡನ್ನೂ ಮೊದಲು ಬಳಸಿದವರು ಹೊಗಳುವುದಕ್ಕಲ್ಲ, ಗೇಲಿ ಮಾಡುವುದಕ್ಕೆ. ಅಲಂಕಾರ ಎಷ್ಟಿದೆ ಎಂದು ಎಣಿಸಲು ಕೂತವರು ಇವೆರಡನ್ನು ಎಂದೂ ಬೇರ್ಪಡಿಸಲಾರರು.

ತಂದೆ ಎದ್ದು ಹೋಗಿ ಎರಡು ಕಲ್ಲು ತಂದರು. ಒಂದು, ಅಂದೇ ಒಡೆದ ಬೇಲಿ ಕಂಬದ ತುಂಡು. ಇನ್ನೊಂದು, ಅಜ್ಜಿಯ ಕಾಲದ ಬಳಪದ ಕಲ್ಲಿನ ಪಾತ್ರೆಯ ಒಡಕು. ಮಗಳ ಕೈಗೆ ಕಬ್ಬಿಣದ ಮೊಳೆ ಕೊಟ್ಟು ಎರಡರ ಮೇಲೂ ಗೀರಲು ಹೇಳಿದರು. ಪಾತ್ರೆಯ ತುಂಡಿನ ಮೇಲೆ ಬೆಣ್ಣೆಯಲ್ಲಿ ಎಳೆದಂತೆ ಬಿಳಿ ಗೆರೆ ಮೂಡಿತು. ಕಂಬದ ಕಲ್ಲಿನ ಮೇಲೆ ಮೊಳೆಯೇ ಸವೆದು ಕಬ್ಬಿಣದ ಬೂದು ಗುರುತು ಬಿತ್ತು.

ಹೈಸ್ಕೂಲಿನ ಮಕ್ಕಳೂ ಮಾಡಿ ನೋಡಬಹುದಾದ ಪ್ರಯೋಗ ಇದು. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗಿನ ಮೋಸ್ ಮಾಪಕದಲ್ಲಿ ಅಳೆಯುತ್ತಾರೆ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಮಾಪಕದ ಒಂದನೆಯ ಮೆಟ್ಟಿಲು. ಕ್ಲೋರೈಟ್ ಎರಡರಿಂದ ಎರಡೂವರೆ. ಕಣಶಿಲೆಯ, ಅಂದರೆ ಗ್ರಾನೈಟಿನ, ಫೆಲ್ಡ್‌ಸ್ಪಾರ್ ಆರು, ಬೆಣಚು ಏಳು. ಸಾಮಾನ್ಯ ಮೊಳೆ ಇವೆರಡರ ನಡುವೆ ಬರುತ್ತದೆ. ಅದಕ್ಕೇ ಒಂದು ಕಡೆ ಗೆಲ್ಲುತ್ತದೆ, ಇನ್ನೊಂದು ಕಡೆ ಸೋಲುತ್ತದೆ. ರಾಮನಗರದಿಂದ ಉತ್ತರಕ್ಕೆ ಕೊರಟಗೆರೆ, ಮಧುಗಿರಿ, ಪಾವಗಡದ ಕಡೆ ಸಾಗುವ ಬೆಟ್ಟಸಾಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಕಣಶಿಲೆಯ ಪಟ್ಟಿ ಎನ್ನುತ್ತಾರೆ. ಕ್ಲೋಸ್‌ಪೇಟೆ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ತಣಿದು ಗಟ್ಟಿಯಾದ ಕಲ್ಲು ಅದು. ತಂದೆಯ ಉಳಿಯ ಮೊನೆ ಮೊಂಡಾಗಿ ದಿನದಿನವೂ ಕುಲುಮೆಗೆ ಹೋಗುವುದು ಆ ಕಲ್ಲಿನಿಂದಾಗಿಯೇ.

“ಈ ಕಲ್ಲಲ್ಲಿ ಕಿವಿ ಓಲೆಯ ಹರಳು ಕೆತ್ತು ಅಂದ್ರೆ ನನ್ನ ಕೈಲಾಗಲ್ಲ. ಆ ಕಲ್ಲಲ್ಲಿ ಮಾಡಬಹುದು. ಕಲ್ಲು ಒಪ್ಪಿದಷ್ಟೇ ಕೈ ಓಡೋದು” ಎಂದರು. “ಭಾನುವಾರ ಹೋಗಿ ನೋಡ್ಕೊಂಡು ಬರೋಣ.”

ಆ ಭಾನುವಾರ ಇಬ್ಬರೂ ಮೊದಲ ಬಸ್ಸಿಗೆ ತುಮಕೂರಿಗೆ ಹೋಗಿ, ಅಲ್ಲಿಂದ ಗೂಳೂರಿನ ಬಳಿಯ ಕೈದಾಳಕ್ಕೆ ಹೋದರು. ಜಕಣಾಚಾರಿಯ ಊರೆಂದು ನಾಡಿನ ತುಂಬ ಹೆಸರಾದ ಊರು. ಗರ್ಭಗುಡಿಯ ಚೆನ್ನಕೇಶವನ ಎದುರು ತಂದೆ ಬಹಳ ಹೊತ್ತು ಕೈಮುಗಿದು ನಿಂತರು. ಕಲ್ಲು ಕೆಲಸದವರಿಗೆ ಆತ ದೇವರಷ್ಟೇ ಅಲ್ಲ. ಬೇಲೂರಿನ ವಿಗ್ರಹದಲ್ಲಿ ದೋಷವಿದೆಯೆಂದು ಒಬ್ಬ ಹುಡುಗ ಹೇಳಿದ್ದು, ಕಲ್ಲು ಒಡೆದಾಗ ಒಳಗಿಂದ ಕಪ್ಪೆ ನೆಗೆದದ್ದು, ಮಾತು ಕೊಟ್ಟಂತೆ ಜಕಣ ತನ್ನ ಬಲಗೈ ಕಡಿದುಕೊಂಡದ್ದು, ಆ ಹುಡುಗ ತನ್ನ ಮಗ ಡಂಕಣನೇ ಎಂದು ತಿಳಿದದ್ದು, ಕೊನೆಗೆ ಈ ಊರಿನಲ್ಲಿ ಕೇಶವನನ್ನು ಕಡೆದಾಗ ಕೈ ಮರಳಿ ಬಂದದ್ದು—ಎಲ್ಲವನ್ನೂ ಅವರು ತಮ್ಮ ತಂದೆಯಿಂದ ಕೇಳಿದ್ದರು.

ಮಗಳು ಹಿಂದುಮುಂದು ನೋಡಿ ಹೇಳಿದಳು: “ಅಪ್ಪ, ಜಕಣಾಚಾರಿ ಅನ್ನೋ ಹೆಸರು ಬೇಲೂರಿನ ಶಾಸನದಲ್ಲಿ ಸಿಕ್ಕಿಲ್ಲವಂತೆ. ಅಲ್ಲಿ ಹೆಸರು ಕೆತ್ತಿಕೊಂಡಿರೋರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಎಷ್ಟೋ ಜನ. ಈ ಗುಡಿ ಕಟ್ಟಿಸಿದೋನು ಹೊಯ್ಸಳ ನರಸಿಂಹನ ಸಾಮಂತ, ಬಾಚಿ ಅಂತ.”

ತಂದೆಯ ಮುಖ ಸ್ವಲ್ಪ ಬಾಡಿತು. ಪ್ರದಕ್ಷಿಣೆ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ, “ಅಲ್ಲೂ ಅಪ್ಪ ಮಗ ಇದ್ರಾ?” ಎಂದು ಕೇಳಿದರು. ಇದ್ದರು ಎಂದಳು. “ಹಂಗಾದ್ರೆ ಕಥೆ ಕಟ್ಟಿದೋರು ಪೂರ್ತಿ ಸುಳ್ಳು ಹೇಳಿಲ್ಲ ಬಿಡು. ಕಪ್ಪೆ ಉಸಿರಾಡದೆ ಬದುಕಲ್ಲ, ಅದು ನನಗೂ ಗೊತ್ತು. ಆದ್ರೆ ಕಲ್ಲೊಳಗೆ ಪೊಳ್ಳು ಇರೋದು ನಿಜ. ಸುತ್ತಿಗೇಲಿ ತಟ್ಟಿದ್ರೆ ಗಟ್ಟಿ ಕಲ್ಲು ಗಂಟೆ ಹಂಗೆ ನುಡೀತದೆ, ಪೊಳ್ಳು ಕಲ್ಲು ಮಡಕೆ ಹಂಗೆ.”

ಆಮೇಲೆ ಕೆಲಸಕ್ಕೆ ತೊಡಗಿದರು. ವಿಗ್ರಹವನ್ನು ತೋರಿಸಿ, “ಆಭರಣದ ಎಳೆ ಎಳೆ ನೋಡು” ಎಂದರು. ಗುಡಿಯ ಗೋಡೆ ತೋರಿಸಿ, “ಇದು ನೋಡು” ಎಂದರು. ಹೊಯ್ಸಳರ ಕಾಲದ್ದೇ ಆದರೂ ಕೈದಾಳದ ಗುಡಿ ಬೇಲೂರಿನಂತಿಲ್ಲ. ಸಾದಾ ಗೋಡೆಗಳ ದ್ರಾವಿಡ ಮಾದರಿಯದು. ದೊರೆ ಯಾರೆಂದು ತಿಳಿದ ಮಾತ್ರಕ್ಕೆ ಶೈಲಿ ತಿಳಿಯುವುದಿಲ್ಲ ಎಂಬುದು ಹುಡುಗಿಗೆ ಅಲ್ಲಿಯೇ ಹೊಳೆಯಿತು. ಅವಳ ಟಿಪ್ಪಣಿಯಲ್ಲಿ ಮಾತ್ರ ಪ್ರತಿ ಶೈಲಿಯ ಮೊದಲ ಅಂಶವೂ ‘ಕಾಲ’ ಮತ್ತು ‘ಆಶ್ರಯದಾತರು’.

ಅಲ್ಲಿಂದ ತುಮಕೂರಿಗೆ ಮರಳಿ, ರೈಲು ಹಿಡಿದು ಬಾಣಸಂದ್ರದಲ್ಲಿ ಇಳಿದು, ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದರು. ಆ ಸಣ್ಣ ಊರಿನಲ್ಲಿ ಕಣ್ಣಿನ ಅಭ್ಯಾಸಕ್ಕೆಂದೇ ಇಟ್ಟಂತೆ ಎರಡು ಗುಡಿಗಳಿವೆ. ಒಂದು ಒಂಬತ್ತನೆಯ ಶತಮಾನದ ಕಲ್ಲೇಶ್ವರ. ಅದರ ಹೊರಗೋಡೆ ಮೌನವಾಗಿದೆ. ಒಳಗೆ ಹೋಗಿ ಕತ್ತೆತ್ತಿದರೆ ಮಾತ್ರ ನೊಳಂಬರ ಶೈಲಿಯ ಚಾವಣಿ, ನಡುವೆ ನಾಟ್ಯವಾಡುವ ಶಿವ, ಸುತ್ತ ದಿಕ್ಪಾಲಕರು. ಇನ್ನೊಂದು ಹದಿಮೂರನೆಯ ಶತಮಾನದ ಹೊಯ್ಸಳ ಚೆನ್ನಕೇಶವ. ಇಲ್ಲಿ ಎಲ್ಲವೂ ಹೊರಗೆ. ನಕ್ಷತ್ರದಂತೆ ಮೂಲೆ ಮೂಲೆಯಾಗಿ ಒಡೆದ ಗೋಡೆ, ಬುಡದಲ್ಲಿ ಆನೆ, ಕುದುರೆ, ಬಳ್ಳಿಗಳ ಸಾಲುಪಟ್ಟಿಕೆ, ಮೇಲೆ ದೇವತೆಗಳು. ಕಲ್ಲು ಬಳಪದ ಜಾತಿಯದು.

ತಂದೆ ಒಂದೊಂದು ಮೂಲೆಯನ್ನೂ ಬೆರಳಿನಿಂದಲ್ಲ, ಕಣ್ಣಿನಿಂದಲೇ ಸವರುತ್ತ ಬಂದರು. “ಇದನ್ನ ನೋಡೋಕೆ ಸುತ್ತಬೇಕು. ಅದನ್ನ ನೋಡೋಕೆ ನಿಲ್ಲಬೇಕು. ಕೆಲಸ ಮಾಡಿದೋನು ನಮ್ಮನ್ನ ಎಲ್ಲಿ ನಿಲ್ಲಿಸ್ತಾನೆ, ಎಲ್ಲಿ ನಡೆಸ್ತಾನೆ, ಅದನ್ನ ಮೊದಲು ನೋಡು” ಎಂದರು. ಹುಡುಗಿ ತನ್ನ ಪುಸ್ತಕದಲ್ಲಿ ಅಂದು ಬರೆದುಕೊಂಡದ್ದು ಮೂರೇ ಪ್ರಶ್ನೆ:

ಯಾವುದರಲ್ಲಿ ಮಾಡಿದ್ದು?

ಕಂಬ ಏನು ಹೊತ್ತಿದೆ?

ನೋಡುವವರನ್ನು ಎಲ್ಲಿ ನಿಲ್ಲಿಸುತ್ತದೆ?

ಎರಡನೆಯ ಪ್ರಶ್ನೆ ಬಂದದ್ದು ಹಿಂದಿರುಗುವಾಗ ರೈಲಿನಲ್ಲಿ. ಹಿಂದೂಪುರದ ಆಚೆಯ ಲೇಪಾಕ್ಷಿಗೆ ಶಾಲಾ ಪ್ರವಾಸ ಹೋದದ್ದನ್ನು ಹುಡುಗಿ ನೆನಪಿಸಿಕೊಂಡಳು. 1530ರ ದಶಕದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರನ ಗುಡಿ ಅದು. ಪೂರ್ತಿ ಕಣಶಿಲೆ. ಬಳಪದ ಕಲ್ಲಿನ ಸೂಕ್ಷ್ಮ ಅಲ್ಲಿ ಸಾಧ್ಯವಿಲ್ಲ. ಅದಕ್ಕೆ ವಿಜಯನಗರದ ಶಿಲ್ಪಿಗಳು ಬೇರೆ ದಾರಿ ಹಿಡಿದರು. ಕಂಬಗಳನ್ನೇ ಆಳೆತ್ತರದ ಶಿಲ್ಪಗಳಾಗಿಸಿದರು, ಸೂಕ್ಷ್ಮವಾದುದನ್ನು ಚಾವಣಿಯ ವರ್ಣಚಿತ್ರಕ್ಕೆ ಒಪ್ಪಿಸಿದರು. ಆ ಕಾಲದ ಎತ್ತರದ ಗೋಪುರಗಳಲ್ಲಿ ಬುಡ ಕಲ್ಲಿನದು, ಮೇಲಿನ ಗೊಂಬೆಗಳೆಲ್ಲ ಇಟ್ಟಿಗೆ ಗಾರೆಯವು. “ಹೊರೋ ಕೆಲಸ ಕಲ್ಲಿಗೆ, ಕುಣಿಯೋ ಕೆಲಸ ಗಾರೆಗೆ” ಎಂದರು ತಂದೆ. “ಯಾವುದೇ ಕಟ್ಟಡ ನೋಡು, ಕಂಬ ಏನು ಹೊತ್ತಿದೆ ಅಂತ ಕೇಳು. ಅರ್ಧ ಗುಟ್ಟು ಅಲ್ಲೇ ಬಿಟ್ಟುಕೊಡ್ತದೆ.”

ಅಂದು ರಾತ್ರಿ ಹುಡುಗಿ ಉತ್ಸಾಹದಿಂದ ಹಾಳೆಯ ನಡುವೆ ಮತ್ತೆ ಗೆರೆ ಎಳೆದಳು. ಸೂಕ್ಷ್ಮವಾದ ಹೊಯ್ಸಳ ಒಂದು ಕಡೆ, ಅದರ ಕೆಳಗೆ ರೊಕೋಕೊ. ಭಾರವಾದ ವಿಜಯನಗರ ಇನ್ನೊಂದು ಕಡೆ, ಅದರ ಕೆಳಗೆ ಬರೋಕ್. ಬರೆದು ಮುಗಿಸಿದ ಮೇಲೆ ನಗು ಬಂತು. ಇಲ್ಲಿ ಮೆದು ಕಲ್ಲು ಮೊದಲು, ಗಟ್ಟಿ ಕಲ್ಲು ಆಮೇಲೆ. ಅಲ್ಲಿ ಗಟ್ಟಿಯದು ಮೊದಲು, ಮೆದುವಾದುದು ಆಮೇಲೆ. ಪಟ್ಟಿ ಮತ್ತೊಮ್ಮೆ ತಲೆಕೆಳಗಾಗಿತ್ತು. ಹೊಯ್ಸಳ ಹೊಯ್ಸಳವೇ, ರೊಕೋಕೊ ರೊಕೋಕೊವೇ. ಇಲ್ಲಿಂದ ಅಲ್ಲಿಗೆ ಒಯ್ಯಬಹುದಾದದ್ದು ಹೆಸರುಗಳನ್ನಲ್ಲ, ಪ್ರಶ್ನೆಗಳನ್ನು. ಹಾಳೆ ಹರಿದು ಹಾಕಿ, ಮೊಬೈಲಿನಲ್ಲಿ ಚಿತ್ರಗಳನ್ನು ತೆರೆದು ತಂದೆಯ ಪಕ್ಕ ಕೂತಳು.

ಮೊದಲ ಚಿತ್ರ ರೋಮ್‌ನ ಸಂತ ಪೀಟರ್ ಚರ್ಚಿನ ಒಳಗೆ ಬರ್ನಿನಿ ಎಂಬ ಶಿಲ್ಪಿ 1620 ಮತ್ತು 30ರ ದಶಕಗಳಲ್ಲಿ ನಿಲ್ಲಿಸಿದ ಮಂಟಪ. ಸಂತನ ಸಮಾಧಿಯ ನೇರಕ್ಕೆ, ಬಲಿಪೀಠದ ಮೇಲೆ, ಸುಮಾರು 29 ಮೀಟರ್ ಎತ್ತರ. ಕಂಚಿನ ನಾಲ್ಕು ಕಂಬಗಳು ಹಗ್ಗ ಹೊಸೆದಂತೆ ತಿರುಚಿಕೊಂಡು ಮೇಲೇಳುತ್ತವೆ.

ತಂದೆ ಚಿತ್ರ ಹಿಗ್ಗಿಸಿ ನೋಡಿದರು. “ಹೊರೋಕೆ ನೆಟ್ಟಗಿನ ಕಂಬ ಸಾಕು. ಇದನ್ನ ತಿರುಚಿದ್ದು ಯಾಕೆ?” ತಾವೇ ಉತ್ತರ ಹೇಳಿದರು: “ಹೊರೋದು ಕಾಣಲಿ ಅಂತ. ಮೂಟೆ ಹೊತ್ತೋನ ಮೈ ತಿರುಚಿಕೊಳ್ಳಲ್ವಾ, ಹಂಗೆ.”

ಬರೋಕ್ ಬಗ್ಗೆ ಹುಡುಗಿ ಓದಿದ್ದ ‘ಗಾಂಭೀರ್ಯ, ನಾಟಕೀಯತೆ, ಚಲನೆ’ ಎಂಬ ಮೂರು ಮಾತುಗಳು ಅಂದು ಮೊದಲ ಬಾರಿಗೆ ಕಣ್ಣಿಗೆ ಕಂಡವು. ಬರೋಕ್ ಕಟ್ಟಡ ತನ್ನ ಭಾರವನ್ನು ಮುಚ್ಚಿಡುವುದಿಲ್ಲ, ಮೆರೆಸುತ್ತದೆ. ಕಂಬಗಳು ಜೋಡಿ ಜೋಡಿಯಾಗಿ ಗೋಡೆಯಿಂದ ಮುಂದಕ್ಕೆ ನುಗ್ಗುತ್ತವೆ. ಅವುಗಳ ಹಿಂದೆ ಕಡುನೆರಳು. ಅಮೃತಶಿಲೆ, ಕಂಚು, ಸುಣ್ಣಕಲ್ಲು—ತೂಕವಿರುವ ವಸ್ತುಗಳು. ಚಿಕ್ಕಪುಟ್ಟ ಅಲಂಕಾರ ಎಷ್ಟೇ ಇರಲಿ, ಒಟ್ಟು ಕಟ್ಟಡಕ್ಕೆ ಒಂದು ನಡುಗೆರೆ ಇರುತ್ತದೆ, ಕಣ್ಣನ್ನು ಒಂದೇ ಗುರಿಗೆ ಎಳೆದೊಯ್ಯುತ್ತದೆ. ಅದೇ ಚರ್ಚಿನ ಎದುರು ಬರ್ನಿನಿ 1656ರಿಂದ 1667ರವರೆಗೆ ಕಟ್ಟಿದ ಚೌಕದಲ್ಲಿ 284 ಕಂಬಗಳು ನಾಲ್ಕು ಸಾಲಾಗಿ, ಬಂದವರನ್ನು ತಬ್ಬಿಕೊಳ್ಳುವ ಎರಡು ತೋಳುಗಳಂತೆ ಬಾಗಿವೆ.

ಯಾಕೆ ತಬ್ಬಿಕೊಳ್ಳಬೇಕಿತ್ತು? ಹದಿನಾರನೆಯ ಶತಮಾನದಲ್ಲಿ ಪ್ರೊಟೆಸ್ಟಂಟ್ ಚಳವಳಿಯಿಂದ ಕ್ಯಾಥೊಲಿಕ್ ಚರ್ಚು ಯೂರೋಪಿನಲ್ಲಿ ಬಹಳಷ್ಟು ಜನರನ್ನು ಕಳೆದುಕೊಂಡಿತ್ತು. 1545ರಿಂದ 1563ರವರೆಗೆ ಟ್ರೆಂಟ್ ಎಂಬಲ್ಲಿ ಬಿಟ್ಟು ಬಿಟ್ಟು ನಡೆದ ಸಭೆಯ ನಂತರ, ಕಲೆ ಓದುಬಾರದವರ ಎದೆಯನ್ನೂ ತಟ್ಟಬೇಕೆಂಬ ಒತ್ತು ಹೆಚ್ಚಿತು. ನೋಡುವವರು ಕೆಳಗೆ ನಿಂತು, ಕತ್ತೆತ್ತಿ, ಬೆರಗಾಗಬೇಕು. ರಾಜರಿಗೂ ಇದೇ ಬೇಕಿತ್ತು. ಹದಿನಾಲ್ಕನೆಯ ಲೂಯಿ ವರ್ಸೇಲ್ಸ್ ಅರಮನೆಯನ್ನು ಬೆಳೆಸಿದ್ದು ಇದೇ ಆಸೆಯಿಂದ. ಇದನ್ನು ನೋಡಲು ರೋಮ್‌ಗೇ ಹೋಗಬೇಕೆಂದಿಲ್ಲ. ಹಳೆ ಗೋವಾದಲ್ಲಿ 1605ರಲ್ಲಿ ಪ್ರತಿಷ್ಠೆಯಾದ ಬಾಮ್ ಜೀಸಸ್ ಬೆಸಿಲಿಕಾದ ಒಳಗೆ, ಚಿನ್ನದ ಹೊದಿಕೆಯ ಪೀಠದ ಎದುರು ನಿಂತರೆ ಕತ್ತು ತಾನಾಗಿಯೇ ಮೇಲೇಳುತ್ತದೆ.

ಎರಡನೆಯ ಚಿತ್ರ ಪ್ಯಾರಿಸ್‌ನ ಸೂಬೀಸ್ ಭವನದ್ದು. 1730ರ ದಶಕದಲ್ಲಿ ಬೊಫ್ರಾಂ ಎಂಬ ವಾಸ್ತುಶಿಲ್ಪಿ ಅಲ್ಲಿನ ರಾಜಕುಮಾರಿಗಾಗಿ ಸಜ್ಜುಗೊಳಿಸಿದ ಮೊಟ್ಟೆಯಾಕಾರದ ಕೋಣೆ. ಬಿಳಿ ಗೋಡೆ, ಚಿನ್ನದ ಎಳೆ, ಎತ್ತರದ ಕನ್ನಡಿಗಳು, ತಿಳಿನೀಲಿಯ ಮೇಲ್ಛಾವಣಿ.

“ಕಂಬ ಎಲ್ಲಿ?” ಎಂದರು ತಂದೆ.

“ಇಲ್ಲ.”

“ಮೂಲೆ?”

ಅದೂ ಇರಲಿಲ್ಲ. ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಇಬ್ಬರಿಗೂ ಆಗಲಿಲ್ಲ. ಬಳ್ಳಿಯಂಥ ಗಾರೆಯ ಸುರುಳಿಗಳು ಆ ಗಡಿಯನ್ನೇ ಅಳಿಸಿಬಿಟ್ಟಿದ್ದವು. ಭಾರ ಎಲ್ಲಿದೆಯೆಂದೇ ತಿಳಿಯದ ಕೋಣೆ. “ಇದು ಕುಣಿಯೋ ಕೆಲಸ” ಎಂದರು ತಂದೆ.

ಅದರ ಹಿನ್ನೆಲೆಯೂ ಸರಳ. ಹದಿನಾಲ್ಕನೆಯ ಲೂಯಿ 1715ರಲ್ಲಿ ತೀರಿಕೊಂಡ. ವರ್ಸೇಲ್ಸ್‌ನಲ್ಲಿ ದೊರೆಯ ಕಣ್ಣಳತೆಯಲ್ಲಿ ಕೈಕಟ್ಟಿ ನಿಂತಿದ್ದ ಶ್ರೀಮಂತರು ಪ್ಯಾರಿಸ್‌ನ ತಮ್ಮ ಮನೆಗಳಿಗೆ ಮರಳಿದರು. ಮನೆಗೆ ಬೇಕಾದದ್ದು ದರ್ಬಾರಲ್ಲ. ಕೂತು ಹರಟುವ, ಸಂಗೀತ ಕೇಳುವ ಸಣ್ಣ ಕೋಣೆ. ಅಲ್ಲಿ ತಿರುಚಿದ ಕಂಚಿನ ಕಂಬ ನಿಲ್ಲಿಸಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಕಂಬಗಳು ಗೋಡೆಯೊಳಗೆ ಕರಗಿದವು. ಅಮೃತಶಿಲೆಯ ಜಾಗಕ್ಕೆ ಮರದ ಹಲಗೆ ಮತ್ತು ಗಾರೆ ಬಂದವು, ಕಡುಗೆಂಪಿನ ಜಾಗಕ್ಕೆ ತಿಳಿಗುಲಾಬಿ. ಎಡಕ್ಕಿದ್ದದ್ದು ಬಲಕ್ಕೂ ಇರಲೇಬೇಕೆಂಬ ನಿಯಮ ಸಡಿಲವಾಯಿತು. ಚಿಪ್ಪು, ಎಲೆ, ನೀರಿನ ಅಲೆಗಳ ಆಕಾರಗಳು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾಗಿ ಹಬ್ಬಿದವು. ನೋಡುವವರು ನಿಲ್ಲಬೇಕಿಲ್ಲ, ಕೂರಬಹುದು.

ವರ್ಣಚಿತ್ರಗಳ ಸರದಿ ಬಂದಾಗ ಕಂಬದ ಪ್ರಶ್ನೆ ಕೆಲಸಕ್ಕೆ ಬರಲಿಲ್ಲ. ಹುಡುಗಿಯೇ ಅದರ ಬದಲು ಬೆಳಕಿನ ಪ್ರಶ್ನೆ ಹುಡುಕಿಕೊಂಡಳು. ಕರವಾಜ್ಜೊ 1600ರ ವೇಳೆಗೆ ಬರೆದ ‘ಸಂತ ಮ್ಯಾಥ್ಯೂನ ಕರೆ’ಯಲ್ಲಿ ಕತ್ತಲ ಕೋಣೆಗೆ ಬಲಗಡೆಯಿಂದ ಒಂದೇ ಬೆಳಕು ಓರೆಯಾಗಿ ನುಗ್ಗಿ, ಹಣ ಎಣಿಸುತ್ತ ಕೂತವರ ಮುಖಗಳ ಮೇಲೆ ಬೀಳುತ್ತದೆ. ಒಬ್ಬ ಮನುಷ್ಯನ ಬಾಳು ಆ ಕ್ಷಣದಲ್ಲಿ ತಿರುಗುತ್ತಿದೆ. ಅದು ಬರೋಕ್. ಫ್ರಾಗೊನಾರ್ 1767ರ ಸುಮಾರಿಗೆ ಬರೆದ ‘ಉಯ್ಯಾಲೆ’ಯಲ್ಲಿ ಬೆಳಕು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಎಲೆಗಳ ಸಂದಿಯಿಂದ ಮಂಜಿನಂತೆ ಹರಡಿದೆ. ಗುಲಾಬಿ ಉಡುಪಿನ ಯುವತಿ ತೂಗುತ್ತಿದ್ದಾಳೆ. ಒಳಗಿನಿಂದ ಬಂದ ತಾಯಿ ಬಗ್ಗಿ ನೋಡಿ, “ಅಯ್ಯೋ, ಚಪ್ಪಲಿ ಹಾರಿಹೋಗ್ತಾ ಐತಲ್ಲೇ!” ಎಂದು ನಕ್ಕರು. ಆ ಮನೆಯಲ್ಲಿ ಹಲವು ದಿನಗಳ ನಂತರ ಕೇಳಿದ ನಗು ಅದು. ಬರೋಕ್ ಚಿತ್ರದ ಎದುರು ಹಾಗೆ ನಗಲಾಗುವುದಿಲ್ಲ. ಈ ವ್ಯತ್ಯಾಸವನ್ನು ಯಾವ ಟಿಪ್ಪಣಿಯೂ ಬರೆದಿರಲಿಲ್ಲ.

ಆದರೆ ಇಷ್ಟಕ್ಕೇ ಕಲಿತಾಯಿತು ಎನ್ನುವಂತಿರಲಿಲ್ಲ. ಚರ್ಚು ಮತ್ತು ಅರಮನೆಯಾದರೆ ಬರೋಕ್, ಮನೆಯ ಕೋಣೆಯಾದರೆ ರೊಕೋಕೊ ಎಂದು ಹುಡುಗಿ ಸೂತ್ರ ಕಟ್ಟಿಕೊಳ್ಳುವಷ್ಟರಲ್ಲಿ ಜರ್ಮನಿಯ ಬವೇರಿಯಾದ ವೀಸ್ ಎಂಬಲ್ಲಿನ ಚರ್ಚು ಎದುರಾಯಿತು. ಡೊಮಿನಿಕಸ್ ಜಿಮ್ಮರ್‌ಮನ್ 1745ರಿಂದ 1754ರ ನಡುವೆ ಹಳ್ಳಿಗಾಡಿನ ಹುಲ್ಲುಗಾವಲಲ್ಲಿ ಕಟ್ಟಿದ ಯಾತ್ರಾಸ್ಥಳ ಅದು. ದೇವರ ಮನೆ, ಬರುವವರು ಸಾಮಾನ್ಯ ಭಕ್ತರು. ಆದರೂ ಪುಸ್ತಕಗಳು ಅದನ್ನು ರೊಕೋಕೊದ ಶ್ರೇಷ್ಠ ಉದಾಹರಣೆಗಳಲ್ಲಿ ಒಂದೆನ್ನುತ್ತವೆ. ಹುಡುಗಿ ಒಂದು ದಿನ ತಲೆ ಕೆಡಿಸಿಕೊಂಡಳು. ಆಮೇಲೆ ಮೂರು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿದಳು. ವಸ್ತು? ಬಿಳಿ ಗಾರೆ, ಮೇಲ್ಛಾವಣಿ ಮರದ ಮೇಲೆ ಗಾರೆ ಬಳಿದದ್ದು. ಭಾರ? ಕಂಬಗಳಿವೆ, ಆದರೆ ಅವು ಹೊತ್ತಿರುವುದು ಕಲ್ಲಿನ ಗುಮ್ಮಟವನ್ನಲ್ಲ, ಆಕಾಶ ಬರೆದ ಹಗುರ ಚಾವಣಿಯನ್ನು. ಗೋಡೆ ಚಾವಣಿಗಳ ಗಡಿ ಚಿಪ್ಪಿನ ಸುರುಳಿಗಳಲ್ಲಿ ಕರಗಿದೆ. ನೋಡುವವರು? ನಡುಗುವುದಿಲ್ಲ, ಬೆಳಕಿನಲ್ಲಿ ಹಗುರಾಗುತ್ತಾರೆ. ಒಂದೇ ಪ್ರಶ್ನೆ ಕೇಳಿದ್ದರೆ ಎಡವುತ್ತಿದ್ದಳು, ಮೂರೂ ಸೇರಿದಾಗ ದಾರಿ ಸಿಕ್ಕಿತು. ಪ್ರಯೋಗಶಾಲೆಯಲ್ಲಿ ಲವಣವನ್ನು ಗುರುತಿಸುವವರು ಒಂದೇ ಪರೀಕ್ಷೆ ನಂಬುವುದಿಲ್ಲ. ಬಣ್ಣ ನೋಡಿ, ಜ್ವಾಲೆಗೆ ಹಿಡಿದು, ಆಮ್ಲ ಹಾಕಿ, ಎಲ್ಲವೂ ಒಂದೇ ಮಾತು ಹೇಳಿದಾಗ ಹೆಸರು ಬರೆಯುತ್ತಾರೆ. ಕಣ್ಣಿನ ವಿದ್ಯೆಯೂ ಹಾಗೆಯೇ.

ಆ ಎರಡು ತಿಂಗಳಲ್ಲಿ ಅವಳು ಓದಿದ್ದು ಮೊದಲಿಗಿಂತ ಹೆಚ್ಚೇನಲ್ಲ. ಒಂದು ಅಭ್ಯಾಸ ಮಾತ್ರ ಬದಲಾಯಿತು. ಪುಸ್ತಕದ ಚಿತ್ರಗಳ ಕೆಳಗಿನ ಹೆಸರನ್ನು ಹಾಳೆಯಿಂದ ಮುಚ್ಚಿ, ಮೊದಲು ತಾನು ನೋಡಿ, ಆಮೇಲೆ ಹಾಳೆ ಸರಿಸುತ್ತಿದ್ದಳು. ತಪ್ಪಾದಲ್ಲಿ ಯಾಕೆ ತಪ್ಪಾಯಿತೆಂದು ಬರೆದಿಡುತ್ತಿದ್ದಳು. ಮೊದಲ ವಾರ ಹತ್ತಕ್ಕೆ ಆರು ತಪ್ಪು. ಕೊನೆಯ ವಾರವೂ ಒಂದೆರಡು ತಪ್ಪುತ್ತಿದ್ದವು, ಆದರೆ ಪಟ್ಟಿ ಅದಲುಬದಲಾಗುವ ಭಯ ಹೋಗಿತ್ತು. ಉರು ಹೊಡೆದದ್ದು ಟೋಪಿಯಂತೆ, ಯಾರ ತಲೆಗಾದರೂ ಕೂರುತ್ತದೆ. ಕಾರಣ ಗೊತ್ತಿದ್ದರೆ ಆ ಅವಕಾಶವಿಲ್ಲ.

ಮರುಪರೀಕ್ಷೆಯಲ್ಲಿ ‘ವ್ಯತ್ಯಾಸ ತಿಳಿಸಿ’ ಎಂಬ ಪ್ರಶ್ನೆ ಬರಲೇ ಇಲ್ಲ. ಹೆಸರಿಲ್ಲದ ಎರಡು ಚಿತ್ರ ಕೊಟ್ಟು ಶೈಲಿ ಗುರುತಿಸಿ ಕಾರಣ ಬರೆಯಲು ಹೇಳಿದ್ದರು. ಅವಳು ನಡುವೆ ಗೆರೆ ಎಳೆಯಲಿಲ್ಲ. ಬಂದದ್ದು ಮೊದಲ ದರ್ಜೆಯೇನಲ್ಲ, ಪಾಸಾದಳು. ಬ್ಯಾಗು ಬೆಂಗಳೂರಿನಲ್ಲೇ ಉಳಿಯಿತು. ಸಂಘದ ಸಾಲವೂ ಹಾಗೆಯೇ ಉಳಿದಿದೆ, ತಿಂಗಳಿಗಿಷ್ಟು ಎಂದು ತೀರುತ್ತಿದೆ. ಚಿತ್ರ ಬರೆದು ಹೊಟ್ಟೆ ತುಂಬುತ್ತದೆಯೇ ಎಂಬ ಊರವರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ತಾಯಿ ಮಾತ್ರ ಆ ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿದ್ದಾರೆ.

ಈಚೆಗೆ ನೆಂಟರ ಮದುವೆಗೆ ಮೂವರೂ ಕೊರಟಗೆರೆಗೆ ಹೋಗಿದ್ದರು. ಕಲ್ಯಾಣಮಂಟಪದ ವೇದಿಕೆಯ ಎರಡೂ ಬದಿಗೆ ಬಿಳಿ ಕಂಬಗಳು, ಮೈತುಂಬ ಚಿನ್ನದ ಬಣ್ಣದ ಸುರುಳಿ, ಮೇಲೆ ರೆಕ್ಕೆಯ ಮಕ್ಕಳು. ಊಟದ ಸರದಿಗೆ ಕಾಯುತ್ತಿದ್ದ ತಾಯಿ ಎದ್ದುಹೋಗಿ ಕಂಬವೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಮಡಕೆಯ ಸದ್ದು. ಕತ್ತೆತ್ತಿ ನೋಡಿದರು. ಕಂಬ ಚಾವಣಿಯನ್ನು ಮುಟ್ಟಿರಲೇ ಇಲ್ಲ, ಒಂದು ಗೇಣು ಕೆಳಗೇ ನಿಂತಿತ್ತು.

“ಏನೂ ಹೊತ್ತಿಲ್ಲ ಕಣೇ ಇದು!” ಎಂದರು ಮಗಳ ಕಡೆ ತಿರುಗಿ. “ಇದನ್ನ ಯಾವ ಕಡೆ ಬರೀತೀಯ?”

ಮಗಳು ಉತ್ತರ ಯೋಚಿಸುವಷ್ಟರಲ್ಲಿ ಪಂಕ್ತಿಗೆ ಕರೆ ಬಂತು.